ಮೈಂದುವಿನ ಮದುವೆ ರವಿಕೆ

ಅಳತೆ ಚೀಟಿಯನ್ನು ಎರಡು ಸಲ ಓದಿದೆ. ಎದೆ ಮೂವತ್ತನಾಲ್ಕು, ತೋಳಿನ ಉದ್ದ ಒಂಬತ್ತು, ಕೆಂಪು ರೇಷ್ಮೆ, ತೋಳಿಗೆ ಜರಿ ಅಂಚು. ಕೊನೆಯಲ್ಲಿ ಯಶ್ಮಿತಾಳ ದುಂಡು ಅಕ್ಷರದಲ್ಲಿ ಒಂದು ಸಾಲು: ‘ಮೈಂದುವಿಗೆ, ಮದುವೆ ಸೀನಿಗೆ.’

ಮೈಂದುವಿಗೆ ಎಂಥ ಮದುವೆ ಮಾರಾಯ್ರೆ? ಆ ಹುಡುಗಿ ನನ್ನ ಅಮ್ಮನ ಹಾಡಿನವಳು. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಅಮ್ಮ ಅದನ್ನು ಹಾಡುತ್ತಿದ್ದಳು. ಊರಿಗೇ ದೊಡ್ಡದಾದ ಗುತ್ತಿನ ಮನೆಯ ಮೈಂದು ಹೊಳೆಬದಿಯ ಗುಡಿಸಲಿನ ಐತನನ್ನು ಮೆಚ್ಚುತ್ತಾಳೆ. ಮನೆಯ ಯಜಮಾನ ಸೋದರಮಾವನಿಗೆ ಅದು ಸರಿಬರುವುದಿಲ್ಲ. ಅಕ್ಕಿ ಹೇರಿದ ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ದೊಡ್ಡ ಹಡಗಿನಲ್ಲಿ, ಐತನನ್ನು ಮಸ್ಕತ್ತಿಗೆ ಅಟ್ಟುತ್ತಾನೆ. ಮಂಜಿ ಮುಳುಗುತ್ತದೆ. ಮೈಂದು ಮೂರು ಮಳೆಗಾಲ ಕಾದು ಬಾವಿಗೆ ಹಾರುತ್ತಾಳೆ. ಮಸ್ಕತ್ತು ಯಾವ ದಿಕ್ಕಿನಲ್ಲಿದೆಯೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಅವಳ ಮಗಳಾದ ನಾನು, ಅಪ್ಪಿ, ಇಪ್ಪತ್ತೆರಡು ವರ್ಷದಿಂದ ಅದೇ ಮಸ್ಕತ್ತಿನ ಪಕ್ಕ ಸೀಬ್‌ನಲ್ಲಿ ಫ್ಲಾಟಿನ ಹಾಲ್‌ನಲ್ಲಿ ಎರಡು ಮೆಷಿನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದೇನೆ.

ಈ ಹಾಡನ್ನು ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ‘ಮ್ಯೂಸಿಕಲ್’ ಮಾಡುತ್ತೇನೆಂದು ಯಶ್ಮಿತಾ ಸೆಪ್ಟೆಂಬರಿನಲ್ಲಿ ಬಂದಿದ್ದಳು. ಅವಳು ಇಲ್ಲಿನ ಶಾಲೆಯೊಂದರಲ್ಲಿ ಡ್ಯಾನ್ಸ್ ಟೀಚರು, ನಮ್ಮ ಕರಾವಳಿ ಕಡೆಯವಳೇ. ಅವಳ ಐತ ಕಾರ್ಖಾನೆಯ ಬಾಯ್ಲರ್ ಸೂಟ್ ತೊಟ್ಟು ಹೆಲ್ಮೆಟ್ ಇಟ್ಟುಕೊಂಡು ಇಲ್ಲೇ ಸೊಹಾರ್‌ಗೆ ಕೆಲಸಕ್ಕೆ ಬರುತ್ತಾನೆ. ಅವಳ ಮೈಂದು ಹೊಳೆಬದಿಯಲ್ಲಿ ಕಾಯುವುದಿಲ್ಲ, ಫೋನಿನ ಬದಿಯಲ್ಲಿ ಕಾಯುತ್ತಾಳೆ. ಹೆಲ್ಮೆಟ್ ಬಡಿಯುತ್ತ ಎಂಟು ಹುಡುಗರು ಕುಣಿಯುವುದನ್ನು ನೋಡಿ ಮೊದಲ ದಿನ ನನಗೆ ನಗು ತಡೆಯಲಿಲ್ಲ. ಆಮೇಲೆ ಮೆಚ್ಚಿದೆ. ಹಾಡು ಹಳೆಯ ಸೀರೆಯ ಹಾಗೆ, ಕತ್ತರಿಸಿ ಲಂಗ ಹೊಲಿದರೂ ತಪ್ಪಿಲ್ಲ, ಮೂಲೆಯಲ್ಲಿ ಮಡಚಿಟ್ಟು ಜಿರಳೆಗೆ ಕೊಡಬಾರದು. ಆದರೆ ಐತ ಮುಳುಗುತ್ತಾನೆ, ಮೈಂದು ಸಾಯುತ್ತಾಳೆ, ಅದು ಹಾಗೆಯೇ ಇರಬೇಕು ಎಂದಿದ್ದೆ. ಯಶ್ಮಿತಾ ತಲೆ ಆಡಿಸಿದ್ದಳು.

ಅದು ಯಾಕೆ ಅಷ್ಟು ಮುಖ್ಯ ಎಂದರೆ, ನನ್ನ ಮಗ ಹರ್ಷಿತ್ ಜೂನಿನಲ್ಲಿ ನೀರಿನಲ್ಲಿ ಹೋದ. ಗೋನು ಚಂಡಮಾರುತ ಬಂದ ದಿನ. ಸೊಹಾರ್‌ನಲ್ಲಿ ಟೆಕ್ನಿಷಿಯನ್ ಆಗಿದ್ದವನು ರಜೆಯಲ್ಲಿ ಮನೆಗೆ ಬಂದಿದ್ದ. ಜೊತೆ ಕೆಲಸದ ಅಲಿಯ ತಾಯಿ ಕುರಿಯಾತ್‌ನಲ್ಲಿ ಒಬ್ಬಳೇ ಇದ್ದಾಳೆಂದು ಇಬ್ಬರೂ ಪಿಕಪ್ ತೆಗೆದುಕೊಂಡು ಹೋದರು. ದಾರಿಯಲ್ಲಿ ವಾದಿ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣಹೊಳೆ, ತುಂಬಿ ಬಂತು. ಅಲಿ ಮರ ಹಿಡಿದು ಉಳಿದ. ನನ್ನ ಮಗ ಮೂರನೆಯ ದಿನ ಸಿಕ್ಕಿದ. ಇಪ್ಪತ್ತಾರು ವರ್ಷ, ಮದುವೆ ಆಗಿರಲಿಲ್ಲ.

ಅವತ್ತಿನಿಂದ ಯಾರೂ ಅವನ ಹೆಸರು ಹೇಳುವುದಿಲ್ಲ. ನಾನು ಎದುರು ಬಂದರೆ ಮಾತು ಬದಲಾಗುತ್ತದೆ. ‘ನಿಮ್ಮದು ಆದ ಮೇಲೆ’, ‘ಆ ವಿಷಯ’, ‘ಜೂನಿನದ್ದು’ ಎನ್ನುತ್ತಾರೆ. ಬಾಯಿ ತುಂಬ ಹರ್ಷಿತ್ ಎನ್ನುವವನು ಅಲಿ ಒಬ್ಬನೇ, ಖರ್ಜೂರದ ಡಬ್ಬಿ ಹಿಡಿದು ಬಂದಾಗ. ಹೆಸರು ನುಂಗುವುದರಲ್ಲಿ ನನ್ನ ಗಂಡ ಭೋಜರಾಜ ಎಲ್ಲರಿಗಿಂತ ಹೆಚ್ಚು. ಇವರು ಅಲ್ ಖುವೈರ್‌ನ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ಊರಿಂದ ಇವರ ಅಣ್ಣ ಕೊಗ್ಗಣ್ಣ ಶುಕ್ರವಾರ ಶುಕ್ರವಾರ ಫೋನ್ ಮಾಡುತ್ತಾರೆ. ನಮ್ಮ ಕಡೆ ಮದುವೆಯಾಗದೆ ಸತ್ತವರಿಗೆ, ಹಾಗೆಯೇ ಸತ್ತ ಇನ್ನೊಂದು ಮನೆಯ ಮಗಳನ್ನೋ ಮಗನನ್ನೋ ಹುಡುಕಿ ಕುಲೆ ಮದುವೆ ಮಾಡಿಸುವುದುಂಟು. ಸತ್ತವರು ಒಂಟಿಯಾಗಿ ಅಲೆಯಬಾರದಲ್ಲ. ಕಾಪು ಕಡೆಯ ಒಂದು ಮನೆಯಲ್ಲಿ ಹುಡುಗಿ ಇದ್ದಾಳಂತೆ, ಜ್ವರದಲ್ಲಿ ಹೋದವಳು, ಅವಳ ತಂದೆತಾಯಿ ಒಪ್ಪಿದ್ದಾರಂತೆ, ಬರುವ ಮಳೆಗಾಲದ ಆಟಿ ತಿಂಗಳಲ್ಲಿ ಮಾಡಬಹುದಂತೆ. ಆದರೆ ಗಂಡಿನ ಹೆಸರನ್ನು ತಂದೆಯೇ ಬಾಯಿ ಬಿಟ್ಟು ಹೇಳಿ ಕೊಡಬೇಕು, ಅದು ನಮ್ಮ ಮನೆಯ ಕ್ರಮ. ಕೊಗ್ಗಣ್ಣ ಅಷ್ಟು ಹೇಳುವಾಗಲೇ ಇವರು ಫೋನ್ ಇಟ್ಟುಬಿಡುತ್ತಾರೆ. ನನ್ನ ಮಗನಿಗೆ ಬದುಕೂ ಇಲ್ಲ, ಮದುವೆಯೂ ಇಲ್ಲ, ಹೆಸರೂ ಇಲ್ಲ.

ಈಗ ಹೇಳಿ, ಚೀಟಿ ನೋಡಿದಾಗ ನನಗೆ ಹೇಗಾಗಿರಬೇಕು?

ಅಂದು ಬುಧವಾರ. ‘ಬುಧವಾರ ಪ್ರಾಕ್ಟೀಸ್ ಇಲ್ಲ ಅಕ್ಕ, ಶುಕ್ರವಾರ ಬನ್ನಿ’ ಎಂದು ಯಶ್ಮಿತಾ ಎರಡು ವಾರದಿಂದ ಹೇಳುತ್ತಿದ್ದಳು. ಟ್ಯಾಕ್ಸಿ ಹಿಡಿದು ನೇರ ಸಂಘದ ಅಧ್ಯಕ್ಷರ ವಿಲ್ಲಾಕ್ಕೆ ಹೋದೆ. ಬಾಗಿಲಲ್ಲಿ ಇಪ್ಪತ್ತು ಜೊತೆ ಚಪ್ಪಲಿ. ಒಳಗೆ ಹುಡುಗರು ಏರ್‌ಪೋರ್ಟಿನ ಟ್ರಾಲಿಗಳಂತೆ ರಟ್ಟಿನ ಪೆಟ್ಟಿಗೆ ತಳ್ಳುತ್ತ ಕುಣಿಯುತ್ತಿದ್ದರು. ಐತನ ಪಾತ್ರದ ಕಿಶನ್ ಸೂಟ್‌ಕೇಸ್ ಹಿಡಿದು ಬರುತ್ತಿದ್ದ, ಮೈಂದು ಆದ ಆಶಿತಾ ಹಾರ ಹಿಡಿದು ಓಡುತ್ತಿದ್ದಳು. ‘ಬಂದ ಬಂದ ಐತ ಬಂದ’ ಎಂದು ಸಿಡಿ ಕೂಗುತ್ತಿತ್ತು.

"ಐತ ಬದುಕಿದ್ದು ಯಾವಾಗ ಸರ್?" ಎಂದೆ.

ಯಾರೋ ಸಿಡಿ ನಿಲ್ಲಿಸಿದರು. ಅಧ್ಯಕ್ಷ ಬಾಲಸುಬ್ರಹ್ಮಣ್ಯ ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸ, ಇರುವೆಗೂ ನೋವಾಗಬಾರದು ಎನ್ನುವ ಮನುಷ್ಯ. ನಾಟಕದಲ್ಲಿ ಸೋದರಮಾವನ ಪಾತ್ರ ಅವರದೇ. ಎದ್ದು ಬಂದು ಕೈ ಮುಗಿದರು.

"ಬನ್ನಿ ಅಮ್ಮಾ, ಕೂತ್ಕೊಳ್ಳಿ. ಕಾಫಿ ತರಿಸ್ತೀನಿ."

"ಕಾಫಿ ಬೇಡ. ಐತನನ್ನು ಬದುಕಿಸಿದ್ದು ಯಾರು?"

"ಕಮಿಟಿ ತೀರ್ಮಾನ ಅಮ್ಮಾ. ಗೋನು ಆಗಿ ಇನ್ನೂ ಐದು ತಿಂಗಳು. ಜನ ನೊಂದಿದಾರೆ. ಹಬ್ಬಕ್ಕೆ ಅಂತ ಬಂದು ಅತ್ಕೊಂಡು ಹೋಗೋದು ಬೇಡ ಅನ್ನಿಸ್ತು. ಅದೂ ಅಲ್ದೆ..." ಅವರು ತಡೆದರು. "ನೀವು ಅಲ್ಲೇ ಕೂತಿರ್ತೀರಿ. ಒಬ್ಬ ಹುಡುಗ ನೀರಲ್ಲಿ ಹೋದ ಅಂತ ನಿಮ್ಮೆದುರಿಗೇ ಹೆಂಗಮ್ಮ ತೋರ್ಸೋದು? ನಿಮಗೋಸ್ಕರಾನೇ ಮಾಡಿದ್ದು."

ಮೈಯೆಲ್ಲ ಉರಿದು ಹೋಯಿತು. "ನನಗೋಸ್ಕರ ಮಾಡಿದ್ದನ್ನು ನನಗೆ ಹೇಳದೆ ಮಾಡುದಾ? ಪ್ರಾಕ್ಟೀಸ್ ಇಲ್ಲ ಅಂತ ಸುಳ್ಳು ಹೇಳಿ ಮಾಡುದಾ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ! ನಿಮ್ಮ ಐತ ಸೂಟ್‌ಕೇಸ್ ಹಿಡ್ಕೊಂಡು ಬರ್ತಾನೆ ಸರ್. ನನ್ನ ಮಗ ಬರ್ತಾನಾ? ಅವನ ಹೆಸರು ಹೇಳಿ ನೋಡುವ. ಒಂದು ಸಲ, ಈಗ, ನನ್ನ ಎದುರು."

ಕೋಣೆಯಲ್ಲಿ ಇಪ್ಪತ್ತು ಜನರಿದ್ದರು. ಒಬ್ಬರೂ ಹೇಳಲಿಲ್ಲ. ಅಯ್ಯೋ ದೇವರೇ, ಅವರಲ್ಲಿ ಅರ್ಧ ಜನ ನನ್ನ ಮಗನ ಜೊತೆ ಕ್ರಿಕೆಟ್ ಆಡಿದವರು.

"ಒಂಬತ್ತೇ ದಿನ ಉಳಿದಿದೆ ಅಮ್ಮಾ," ಎಂದರು ಬಾಲಸುಬ್ರಹ್ಮಣ್ಯ ಕೊನೆಗೆ. "ಟ್ರ್ಯಾಕ್ ರೆಕಾರ್ಡ್ ಆಗೋಗಿದೆ. ಮದುವೆಯಲ್ಲಿ ಮುಗೀಬೇಕು ಅಂತ ಎಲ್ರೂ ಒಪ್ಪಿದಾರೆ. ಏನು ಮಾಡ್ಲಿ ಹೇಳಿ?"

"ಮದುವೆ ಬೇಕು, ಅಷ್ಟೇ ಅಲ್ವಾ? ಮದುವೆ ನಾನು ಕೊಡ್ತೇನೆ. ಆದರೆ ಐತ ಸಾಯಬೇಕು. ಖಲಾಸ್." ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದೆ.

ಮರುದಿನ ಗುರುವಾರ, ಇಲ್ಲಿ ವಾರದ ರಜೆ. ಬೆಳಿಗ್ಗೆ ಇಡ್ಲಿ ಬೇಯುವ ಹೊತ್ತಿಗೆ ಯಶ್ಮಿತಾ ಬಾಗಿಲಲ್ಲಿ ನಿಂತಿದ್ದಳು. ಅತ್ತು ಕಣ್ಣು ಊದಿತ್ತು.

"ಬಯ್ಯಿ ಅಕ್ಕ. ಎಷ್ಟು ಬೇಕಾದರೂ ಬಯ್ಯಿ."

"ಬಯ್ಯುವುದು ಆಮೇಲೆ. ಮೊದಲು ತಿನ್ನು," ಎಂದು ನಾಲ್ಕು ಇಡ್ಲಿ ಹಾಕಿ ಕೊಟ್ಟೆ. ತಿಂದ ಮೇಲೆ ಅವಳನ್ನು ಮಾಳಿಗೆಗೆ ಕರೆದುಕೊಂಡು ಹೋದೆ. ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತೆವು. ಅಲ್ಲಿ ಒಂದು ಸತ್ಯ ಹೇಳಬೇಕಾಯಿತು. ಕೊನೆ ಕತ್ತರಿಸಿದ್ದು ಅವರು ಮಾತ್ರವಲ್ಲ, ಮೊದಲು ಕತ್ತರಿಸಿದವಳು ನಾನೇ.

"ನಾನು ನಿನಗೆ ಹಾಡಿದ್ದು ಬಾವಿಯವರೆಗೆ ಮಾತ್ರ ಯಶ್ಮಿತಾ. ಹಾಡು ಅಲ್ಲಿಗೆ ಮುಗಿಯುದಿಲ್ಲ. ಮುಂದೆ ಉಂಟು. ಸೆಪ್ಟೆಂಬರಲ್ಲಿ ನನ್ನ ಗಂಟಲಿಂದ ಬರಲಿಲ್ಲ."

ಈಗ ನಾನು ಹಾಡಿದೆ.

ಮೈಂದು ಸತ್ತ ಮೇಲೆ ಗುತ್ತಿನ ಮನೆಯಲ್ಲಿ ಹಾಲು ಕಾಯಿಸಿದರೆ ಒಡೆಯುತ್ತದೆ, ಹಟ್ಟಿಯ ಹಸು ಕರುವಿಗೆ ಒದೆಯುತ್ತದೆ. ಸೋದರಮಾವನಿಗೆ ಕಣ್ಣು ಮುಚ್ಚಿದರೆ ಬಾವಿಯ ಸದ್ದು. ಜೋಯಿಸ ಬಲ್ಯಾಯರು ಕವಡೆ ಹಾಕಿ ನೋಡಿ, ಎರಡು ಜೀವ ಅಲೆಯುತ್ತಿವೆ, ಸೇರಿಸಿ ಎನ್ನುತ್ತಾರೆ. ಆಗ ಆ ಮಾವ, ಬದುಕಿದ್ದ ಐತನನ್ನು ಅಂಗಳಕ್ಕೆ ಬಿಡದವನು, ಹೊಳೆಬದಿಯ ಗುಡಿಸಲಿಗೆ ನಡೆದುಹೋಗಿ ಐತನ ತಾಯಿಯ ಮುಂದೆ ನಿಂತು ಸತ್ತವನನ್ನು ಅಳಿಯನಾಗಿ ಬೇಡುತ್ತಾನೆ. ಎರಡು ಮಣೆ ಇಡುತ್ತಾರೆ. ಒಂದರ ಮೇಲೆ ಸೀರೆ, ರವಿಕೆ, ಬಳೆ. ಇನ್ನೊಂದರ ಮೇಲೆ ಮುಂಡು, ಅಂಗಿ. ಗಂಡಿನ ಹೆಸರೇನೆಂದು ಮಾವ ಮೂರು ಸಲ ಕೇಳಬೇಕು, ಮೂರು ಸಲವೂ ಹೆಸರು ಹೇಳಬೇಕು. ಐತನಿಗೆ ತಂದೆ ಇಲ್ಲ, ತಾಯಿಯೇ ಹೇಳುತ್ತಾಳೆ.

ಮುಗಿಸಿದಾಗ ಯಶ್ಮಿತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಟೀಚರ್ ಆದಳು.

"ಇದಕ್ಕೆ ಟ್ರ್ಯಾಕ್ ಮಾಡಿಸ್ಲಿಕ್ಕೆ ಟೈಮಿಲ್ಲ ಅಕ್ಕ."

"ಟ್ರ್ಯಾಕ್ ಯಾರಿಗೆ ಬೇಕು? ಗದ್ದೆಯಲ್ಲಿ ಕೀಬೋರ್ಡ್ ಇತ್ತಾ? ಏಳು ಹೆಂಗಸರು ಸಾಕು. ತಾಯಿಯ ಪಾತ್ರ ನಾನೇ ಮಾಡ್ತೇನೆ. ನಾನು ಎತ್ತುವುದು, ನೀವು ಹಿಂದಿನಿಂದ ಎತ್ತುವುದು. ಒಂದೇ ನಿಯಮ ನೆನಪಿಡು. ಮುಂದಿನವಳು ಏನು ಹಾಡಿದರೂ ಹಿಂದಿನವರು ಅದನ್ನೇ ತಿರುಗಿ ಹಾಡಬೇಕು. ತಪ್ಪು ಹಾಡಿದರೂ ಅದನ್ನೇ. ನುಂಗಲಿಕ್ಕಿಲ್ಲ, ಬದಲಿಸಲಿಕ್ಕಿಲ್ಲ. ಸಾಲು ಬಿಟ್ಟರೆ ನೇಜಿ ಸಾಲು ತಪ್ಪುತ್ತದೆ ಅಂತ ಅಮ್ಮ ಬೆನ್ನಿಗೆ ಗುದ್ದುತ್ತಿದ್ದಳು."

"ನೀವೂ ಗುದ್ದುತ್ತೀರಾ?"

"ಬೇಕಾದರೆ," ಎಂದೆ. ಎಷ್ಟೋ ದಿನದ ಮೇಲೆ ನಕ್ಕೆನೋ ಏನೋ.

ಬಾಲಸುಬ್ರಹ್ಮಣ್ಯ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಶುಕ್ರವಾರ ನಮ್ಮ ಮನೆಗೇ ಬಂದು ಸೋಫಾದ ತುದಿಯಲ್ಲಿ ಕೂತರು. "ಸತ್ತೋರಿಗೆ ಮದುವೇನಾ? ನಮ್ಮ ಕಡೆ ಕೇಳೇ ಇಲ್ಲ. ಅಪಶಕುನ ಅಂತಾರೆ ಜನ."

"ನಿಮ್ಮ ಮೈಸೂರಲ್ಲಿ ಸತ್ತವರಿಗೆ ಎಡೆ ಇಡುದಿಲ್ವಾ ಸರ್? ವರ್ಷ ವರ್ಷ ವಡೆ ಪಾಯಸ ಮಾಡಿ ಕರಿಯುದಿಲ್ವಾ? ಊಟ ಹಾಕ್ಲಿಕ್ಕೆ ಆಗ್ತದೆ, ಮದುವೆ ಮಾಡ್ಲಿಕ್ಕೆ ಆಗುದಿಲ್ವಾ?"

ಅವರು ನಿಧಾನವಾಗಿ ನಕ್ಕರು. "ನಿಮ್ಮ ಜೊತೆ ವಾದ ಮಾಡಿ ಗೆಲ್ಲೋರು ಹುಟ್ಟಿಲ್ಲ ಬಿಡಿ. ಪೂಜೆ, ಮಂತ್ರ, ದೀಪ ಏನೂ ಬೇಡ. ಮಣೆ, ಬಟ್ಟೆ, ಹಾಡು, ಅಷ್ಟೇ. ಒಪ್ಪಿಗೇನಾ?"

"ಒಪ್ಪಿಗೆ. ಅದು ಹಾಡು, ಪೂಜೆ ಅಲ್ಲ."

"ಮತ್ತೆ ಹೆಸರು ಕೇಳೋನು ನಾನೇನಾ?"

"ಸೋದರಮಾವ ನೀವೇ ಅಲ್ವಾ? ಮೂರು ಸಲ ಕೇಳ್ಬೇಕು. ಉತ್ತರ ಬರುವವರೆಗೆ ಜಾಗ ಬಿಟ್ಟು ಕದಲ್ಲಿಕ್ಕಿಲ್ಲ." ಅವರು ತಲೆ ಆಡಿಸಿ ಹೋದರು.

ರವಿಕೆಯನ್ನು ನಾನೇ ಹೊಲಿದೆ. ಅಳತೆ ಆಶಿತಾಳದ್ದು, ಆದರೆ ಕತ್ತರಿ ಹಾಕುವಾಗ ಕಾಪು ಕಡೆಯ ಆ ಕಾಣದ ಹುಡುಗಿಯದ್ದೇ ನೆನಪು. ತೋಳಿನ ಜರಿಗೆ ಎರಡು ಸಲ ಹೊಲಿಗೆ ಬಿಚ್ಚಿ ಹಾಕಿದೆ. ಅದು ಮುಗಿದ ಮೇಲೆ ಬೀರುವಿನ ತಳದಿಂದ ಒಂದು ಬಿಳಿ ಅಂಗಿ ತೆಗೆದೆ. ಮೇ ತಿಂಗಳಲ್ಲಿ ಹರ್ಷಿತ್‌ಗೆಂದು ಹೊಲಿಯಲು ಶುರು ಮಾಡಿದ್ದು. ಕಾಲರು, ಕೈ, ಜೇಬು ಎಲ್ಲ ಆಗಿತ್ತು, ಗುಂಡಿ ಮಾತ್ರ ಹಾಕಿರಲಿಲ್ಲ. ಟಿವಿಯ ಮುಂದೆ ಕೂತು ಒಂದೊಂದಾಗಿ ಏಳು ಗುಂಡಿ ಹಾಕಿದೆ. ಇವರು ಪಕ್ಕದಲ್ಲೇ ಇದ್ದರು. ಕಣ್ಣು ಟಿವಿಯಲ್ಲಿ, ಆದರೆ ಜಾಹೀರಾತು ಬಂದರೂ ಚಾನೆಲ್ ಬದಲಿಸಲಿಲ್ಲ.

"ನಾನು ಶುಕ್ರವಾರ ನಾಟಕಕ್ಕೆ ಬರುದಿಲ್ಲ," ಎಂದರು.

"ಎರಡು ಮಣೆ, ಸೀರೆ ಪೆಟ್ಟಿಗೆ, ಇಸ್ತ್ರಿ ಪೆಟ್ಟಿಗೆ, ಹದಿನಾಲ್ಕು ಡ್ರೆಸ್. ನನಗೆ ಕಾರು ಬಿಡ್ಲಿಕ್ಕೆ ಬರ್ತದಾ? ನೀವು ಬರ್ಬೇಕು."

"ತಂದು ಬಿಡ್ತೇನೆ. ಕೂತ್ಕೊಳ್ಳುದಿಲ್ಲ."

"ಕೂತ್ಕೊಳ್ಬೇಕು," ಎಂದೆ. "ನಾನು ಸ್ಟೇಜಿನ ಮೇಲೆ ನಿಂತ್ಕೊಳ್ತೇನೆ ಅಂದ್ರೆ ನೀವು ಕೆಳಗೆ ಕೂತ್ಕೊಳ್ಬೇಕು. ಇಪ್ಪತ್ತೆಂಟು ವರ್ಷದಲ್ಲಿ ನಾನು ನಿಮ್ಮ ಹತ್ತಿರ ಎಂತ ಕೇಳಿದ್ದೇನೆ?"

ಇವರು ರಿಮೋಟ್ ತೆಗೆದುಕೊಂಡು ಸದ್ದು ಜಾಸ್ತಿ ಮಾಡಿದರು.

ರಾಜ್ಯೋತ್ಸವದ ಶುಕ್ರವಾರ ಸಂಜೆ ಆರೂವರೆಗೆ ಅಲ್ ಖುವೈರ್‌ನ ಬಾಡಿಗೆ ಹಾಲ್ ತುಂಬಿತ್ತು. ಪರದೆಯ ಸಂದಿಯಿಂದ ನೋಡಿದೆ. ಮೂರನೆಯ ಸಾಲಿನ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವರ ಹಾಗೆ, ಇವರು ಕೂತಿದ್ದರು. ಪಕ್ಕದಲ್ಲಿ ಇಲ್ಲಿನವರ ಬಿಳಿ ನಿಲುವಂಗಿ ದಿಶ್‌ದಾಶ ತೊಟ್ಟ ಅಲಿ. ಅವನನ್ನು ನಾನೇ ಕರೆದಿದ್ದೆ.

ಹೆಲ್ಮೆಟ್ ಕುಣಿತಕ್ಕೆ ಶಿಳ್ಳೆಯೋ ಶಿಳ್ಳೆ. ಫೋನ್ ಕಾರ್ಡಿನಲ್ಲಿ ದುಡ್ಡು ಮುಗಿದು ಮೈಂದುವಿನ ಮಾತು ಅರ್ಧಕ್ಕೆ ಕಟ್ ಆದಾಗ ಹೆಂಗಸರೆಲ್ಲ ‘ಅಯ್ಯೋ’ ಎಂದರು. ಎಲ್ಲರಿಗೂ ಆದ ಅನುಭವ ಅದು. ಆಮೇಲೆ ನೀಲಿ ಬಟ್ಟೆ ವೇದಿಕೆಯ ತುಂಬ ಎದ್ದಿತು, ಕಿಶನ್‌ನ ಹಳದಿ ಹೆಲ್ಮೆಟ್ ಅದರ ಮೇಲೆ ತೇಲಿ ಬಂದು ಅಂಚಿನಲ್ಲಿ ನಿಂತಿತು. ಬದಿಯಿಂದ ನೋಡುತ್ತಿದ್ದ ನಾನು ಗೋಡೆ ಹಿಡಿದುಕೊಂಡೆ. ಆದರೆ ಕಣ್ಣು ಮುಚ್ಚಲಿಲ್ಲ. ನೋಡಬೇಕೆಂದು ಹಟ ಹಿಡಿದವಳು ನಾನೇ ಅಲ್ಲವೇ? ಮೈಂದು ಬಾವಿಗೆ ಹೋದಳು. ಸಿಡಿ ನಿಂತಿತು.

ಏಳು ಹೆಂಗಸರು ಬರಿಗಾಲಿನಲ್ಲಿ ವೇದಿಕೆಗೆ ಬಂದೆವು. ಒಂದು ಮಣೆಯ ಮೇಲೆ ಯಶ್ಮಿತಾ ಸೀರೆ, ಕೆಂಪು ರವಿಕೆ, ಬಳೆ ಇಟ್ಟಳು. ಇನ್ನೊಂದರ ಮೇಲೆ ನಾನು ಮುಂಡು ಇಟ್ಟು, ಅದರ ಮೇಲೆ ಬಿಳಿ ಅಂಗಿಯನ್ನು ಬಿಡಿಸಿ ಹಾಸಿದೆ. ಕೆಳಗೆ ಕುರ್ಚಿಯೊಂದು ಸರಿದ ಸದ್ದಾಯಿತು. ಇವರಿಗೆ ಅಂಗಿಯ ಗುರುತು ಸಿಕ್ಕಿರಬೇಕು. ಎದ್ದೇ ಹೋದರು ಎಂದು ತಿಳಿದೆ. ಹೋಗಲಿಲ್ಲ.

ಬಾಲಸುಬ್ರಹ್ಮಣ್ಯ ಮುಂಡಾಸು ತೆಗೆದು ಕಂಕುಳಲ್ಲಿಟ್ಟು ನನ್ನ ಮುಂದೆ ನಿಂತರು.

"ಗಂಡಿನ ಹೆಸರೇನು ತಾಯಿ?"

ಪ್ರಾಕ್ಟೀಸಿನಲ್ಲಿ ಒಂದು ವಾರ ಇಲ್ಲಿ ‘ಐತ’ ಎಂದು ಹಾಡಿದ್ದೆ. ಯಾರಿಗೂ ಹೇಳಿರಲಿಲ್ಲ. ಉಸಿರು ತುಂಬಿಕೊಂಡು, ಅಮ್ಮನ ಧಾಟಿಯಲ್ಲೇ, ಎಳೆದು ಹಾಡಿದೆ:

"ಹರ್ಷಿತ ಎಂಬುದು ಹೆಸರಯ್ಯಾ..."

ಹಿಂದೆ ಸದ್ದಿಲ್ಲ. ಒಂದು ಉಸಿರಿನಷ್ಟು ಹೊತ್ತು ಆರು ಹೆಂಗಸರೂ ಬಾಯಿ ಕಟ್ಟಿದವರ ಹಾಗೆ ನಿಂತರು. ಸಾಲು ತಪ್ಪಿತು ಎಂದುಕೊಂಡೆ. ಆಗ ಯಶ್ಮಿತಾ ಎತ್ತಿದಳು, "ಹರ್ಷಿತ ಎಂಬುದು ಹೆಸರಯ್ಯಾ", ಅವಳ ಹಿಂದೆ ಉಳಿದ ಐದು ಜನ. ಐದು ತಿಂಗಳು ನಮ್ಮವರ ಬಾಯಿಂದ ಬರದ ಹೆಸರು ಆ ಹಾಲ್‌ನ ಮೂಲೆಮೂಲೆಗೂ ಹೋಯಿತು.

ಬಾಲಸುಬ್ರಹ್ಮಣ್ಯರ ಕಣ್ಣು ತುಂಬಿತ್ತು. ಆದರೂ ಕೊಟ್ಟ ಮಾತಿನಂತೆ ಜಾಗ ಬಿಡಲಿಲ್ಲ. "ಗಂಡಿನ ಹೆಸರೇನು?" ಎಂದು ಎರಡನೆಯ ಸಲ ಕೇಳಿದರು. ಮತ್ತೆ ಹಾಡಿದೆ. ಈ ಸಲ ಹೆಂಗಸರು ಕಾಯಲಿಲ್ಲ. ಕೆಳಗಿನಿಂದಲೂ ಕೆಲವು ದನಿ ಸೇರಿದವು. ಅಲಿಗೆ ಕನ್ನಡ ಬಾರದು, ಆದರೆ ಆ ಒಂದು ಶಬ್ದ ಅವನಿಗೆ ಗೊತ್ತು. ಅದನ್ನು ಅವನು ಜೋರಾಗಿ ಹೇಳಿದ್ದು ನನಗೆ ಕೇಳಿಸಿತು.

"ಗಂಡಿನ ಹೆಸರೇನು?"

ಮೂರನೆಯ ಸಲ ನಾನು ಹಾಡಲಿಲ್ಲ. ಮೂರನೆಯ ಸಾಲಿನ ತುದಿಯನ್ನೇ ನೋಡುತ್ತ ನಿಂತೆ. ಬಾಲಸುಬ್ರಹ್ಮಣ್ಯ ನನ್ನ ಮುಖ ನೋಡಿದರು, ನಾನು ನೋಡುತ್ತಿದ್ದ ಕಡೆ ನೋಡಿದರು. ಮೆಲ್ಲಗೆ ಆ ಕಡೆಗೇ ತಿರುಗಿ ನಿಂತರು. ಹಾಲ್‌ನಲ್ಲಿ ಎಸಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಬೇಕಾದರೆ ಬೆಳಗಿನವರೆಗೆ ನಿಲ್ಲುತ್ತೇನೆ ಎಂದು ನಾನು ನಿರ್ಧರಿಸಿ ಆಗಿತ್ತು.

ಇವರು ಎದ್ದು ನಿಂತರು. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಹರ್ಷಿತ್," ಎಂದರು. ಹಾಡಲಿಲ್ಲ, ಸುಮ್ಮನೆ ಹೇಳಿದರು. ದನಿ ಒಡೆದಿತ್ತು. "ಹರ್ಷಿತ್. ಭೋಜರಾಜನ ಮಗ."

ನಿಯಮ ನಿಯಮವೇ. ಎತ್ತಿದವರು ಯಾರಾದರೇನು, ಹಿಂದಿನವರು ಎತ್ತಬೇಕು. ನಾನೇ ಮೊದಲು ಎತ್ತಿದೆ, "ಹರ್ಷಿತ ಭೋಜರಾಜನ ಮಗನಯ್ಯಾ", ಆರು ಹೆಂಗಸರು ಎತ್ತಿದರು, ಆಮೇಲೆ ಹಾಲ್‌ನಲ್ಲಿ ಕೂತಿದ್ದ ನಮ್ಮ ಕಡೆಯವರೆಲ್ಲ ಎತ್ತಿದರು.

ಪರದೆ ಬಿದ್ದ ಮೇಲೆ ಚಪ್ಪಾಳೆ ಬಂತಂತೆ, ಬಹಳ ಹೊತ್ತು ಬಂತಂತೆ. ನನಗೆ ಗೊತ್ತಿಲ್ಲ, ನಾನು ಬಟ್ಟೆ ಮಡಚುತ್ತಿದ್ದೆ. ರವಿಕೆಯನ್ನು ಆಶಿತಾಳಿಗೆ ಕೊಡಲಿಲ್ಲ. ಬಿಳಿ ಅಂಗಿಯ ಜೊತೆ ಮಡಚಿ ಒಂದೇ ಕವರಿನಲ್ಲಿ ಹಾಕಿದೆ.

ಹಿಂದಿನ ಬಾಗಿಲಲ್ಲಿ ಕಾರು ತಂದು ನಿಲ್ಲಿಸಿ ಇವರು ಡಿಕ್ಕಿ ತೆರೆದರು. ಎರಡು ಮಣೆಗಳನ್ನೂ ಒಂದರ ಮೇಲೊಂದು ಇಡದೆ ಪಕ್ಕಪಕ್ಕದಲ್ಲಿ ಇಟ್ಟರು. ಡಿಕ್ಕಿ ಮುಚ್ಚಿ ನನ್ನ ಕಡೆ ತಿರುಗಿದರು.

"ಅಪ್ಪೀ, ಕೊಗ್ಗಣ್ಣನಿಗೆ ಫೋನ್ ಮಾಡು. ಕಾಪುವಿನ ಆ ಹುಡುಗಿಯ ಹೆಸರೆಂತ ಅಂತ ಕೇಳು."

"ಕೇಳ್ಲಿಕ್ಕೆ ಎಂತ ಉಂಟು?" ಎಂದೆ. "ನಾನು ಯಾವಾಗಲೋ ಕೇಳಿ ಇಟ್ಟಿದ್ದೇನೆ. ಹಿತಾ."

"ಹಿತಾ," ಎಂದರು ಇವರು, ಹಿಂದಿನಿಂದ ಎತ್ತುವವರ ಹಾಗೆ.